ಒಂಬತ್ತನೆಯ ಕೋಣೆಯ ಚಿಲಕ

ಆಟೊದವನು ಬಡಾವಣೆಯ ಕಮಾನಿನ ಹತ್ತಿರವೇ ನಿಲ್ಲಿಸಿಬಿಟ್ಟ. ಒಳರಸ್ತೆಯನ್ನು ಪೈಪಿಗಾಗಿ ಉದ್ದಕ್ಕೂ ಅಗೆದಿದ್ದರು.

“ಮುಂದಕ್ಕೆ ಹೋಗಲ್ಲ ಮೇಡಂ. ಗುಂಡಿಗೆ ಇಳಿದ್ರೆ ಗಾಡಿ ಎತ್ತೋರು ಯಾರು? ನಡೆದ್ರೆ ಐದೇ ನಿಮಿಷ.”

“ಐದು ನಿಮಿಷ ನಿಮ್ಮ ಕಾಲಿಗೆ. ನನ್ನದಕ್ಕೆ ಹದಿನೈದು,” ಎಂದರು ಸುಮಂಗಲಾ. ಆದರೂ ಇಳಿದರು.

ಗಂಟೆ ಹತ್ತೂಕಾಲು. ಕಳೆದ ಮಾರ್ಗಶಿರದ ಮಾತು. ಸಿಂಗಸಂದ್ರದಲ್ಲಿ ತಮ್ಮನ ಮಗಳು ಶೀತಲ್‌ಳ ಮನೆಯಲ್ಲಿ ಊಟ ಮುಗಿಸಿಕೊಂಡು, ಅವರು ಸರ್ಜಾಪುರದ ಆಚೆಗಿರುವ ಹಿರಿಯರ ನಿವಾಸಕ್ಕೆ ಮರಳುತ್ತಿದ್ದರು. ಆ ನಿವಾಸದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅಲ್ಲಿ ಈಗಲೂ ಹತ್ತೊಂಬತ್ತು ಜನ ಇದ್ದಾರೆ. ಅವರ ಮನೆಯವರು ರಾತ್ರಿ ನಿದ್ದೆಗೆಡುವುದು ಬೇಡ. ಸುಮಂಗಲಾ ಅವರ ಹೆಸರನ್ನು ಮಾತ್ರ ಹೇಳಬಹುದು. ಹೇಳಲು ಅವರೇ ಒಪ್ಪಿದ್ದಾರೆ. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಗುಣಮಟ್ಟ ಪರೀಕ್ಷಕರಾಗಿದ್ದವರು. ಮದುವೆಯಾಗಲಿಲ್ಲ. ಮುಂಗೈ ಮುರಿದುಕೊಂಡ ಮೇಲೆ, ಯಾರೂ ಹೇಳುವ ಮೊದಲೇ, ತಾವಾಗಿಯೇ ಆ ನಿವಾಸವನ್ನು ಹುಡುಕಿ ಸೇರಿಕೊಂಡವರು. ಆ ರಾತ್ರಿಗೆ ಅವರು ಅಲ್ಲಿಗೆ ಬಂದು ಹದಿನೆಂಟು ದಿನವಾಗಿತ್ತು.

ಎಡಗಡೆ ಅರ್ಧ ಕಟ್ಟಿ ನಿಲ್ಲಿಸಿದ ಅಪಾರ್ಟ್‌ಮೆಂಟು. ಬಲಗಡೆ ಆಲದ ಮರ. ಮರದ ಬುಡದಲ್ಲಿ ಹಳೆಯ ಬಾವಿ. ಬಾಯಿಗೆ ಕಬ್ಬಿಣದ ಬಲೆ ಹೊದಿಸಿದ್ದರು. ಬಾವಿ ದಾಟಿದರೆ ನಿವಾಸದ ಹಿಂಗೇಟು. ದೂರದಲ್ಲಿ ಐಟಿ ಕಂಪನಿಗಳ ಗಾಜಿನ ಮಹಡಿಗಳು ಹಗಲಿನ ಹಾಗೆ ಉರಿಯುತ್ತಿದ್ದವು. ಆ ಬೆಳಕು ಇಲ್ಲಿಯವರೆಗೆ ಬರುತ್ತಿರಲಿಲ್ಲ.

ಬಾವಿಯನ್ನು ದಾಟಿ ನಾಲ್ಕು ಹೆಜ್ಜೆ ಇಟ್ಟಿದ್ದರು...

ಕಿರ್ರ್... ಟಕ್.

ನಿಂತರು. ಯಂತ್ರಗಳ ಸದ್ದಿನಲ್ಲೇ ಬದುಕು ಕಳೆದ ಕಿವಿ ಅದು. ಎಣ್ಣೆ ಕಾಣದ ಕಬ್ಬಿಣದ ಕಡ್ಡಿ, ಕಬ್ಬಿಣದ ಬಳೆಯೊಳಗೆ ಎರಡು ಅಂಗುಲ ಸರಿದು, ತುದಿಗೆ ತಾಗಿ ನಿಂತ ಸದ್ದು. ಯಾರೋ ಒಳಗಿನಿಂದ ಬಾಗಿಲಿಗೆ ಚಿಲಕ ಹಾಕಿಕೊಂಡರು. ಅದರಲ್ಲಿ ಅನುಮಾನವೇ ಇಲ್ಲ.

ಆದರೆ ಅಲ್ಲಿ ಬಾಗಿಲೇ ಇರಲಿಲ್ಲ.

ಫೋನಿನ ಬೆಳಕು ಬಿಟ್ಟು ನೋಡಿದರು. ಬಾವಿಯ ಪಕ್ಕದಲ್ಲಿ ಪಾದದೆತ್ತರದ ಒಂದು ಸಿಮೆಂಟು ಕಟ್ಟೆ. ಸಣ್ಣದೊಂದು ಕೋಣೆಯಷ್ಟು ಅಗಲ. ಬಿರುಕುಗಳಲ್ಲಿ ಗರಿಕೆ ಬೆಳೆದಿತ್ತು. ಗೋಡೆಯಿಲ್ಲ, ಚೌಕಟ್ಟಿಲ್ಲ. ಆಲದ ಎಲೆಯೂ ಅಲುಗುತ್ತಿರಲಿಲ್ಲ.

“ಯಾರು?” ಎಂದರು.

ಬೆಳಕನ್ನು ಕಟ್ಟೆಯ ಸುತ್ತ ಮತ್ತೊಮ್ಮೆ ಆಡಿಸಿದರು.

ಆಗ ಅವರಿಗೆ ಭಯವಾಗಲಿಲ್ಲ. ಇದನ್ನು ಅವರು ಎಷ್ಟು ಸಲ ಹೇಳಿದರೂ ಹೀಗೆಯೇ ಹೇಳಿದ್ದಾರೆ: ಭಯವಾಗಲಿಲ್ಲ, ಸಿಟ್ಟು ಬಂತು. ಹದಿನೆಂಟು ದಿನಗಳಿಂದ ಅವರು ಆ ನಿವಾಸದಲ್ಲಿ ಬೇಡುತ್ತಿದ್ದದ್ದು ಈ ಒಂದು ಸದ್ದನ್ನೇ.

ಸೇರುವ ಮೊದಲು ನಿವಾಸವನ್ನು ನೋಡಲು ಬಂದಾಗ, ವ್ಯವಸ್ಥಾಪಕ ಗುರುರಾಜ್ ಒಂದು ಕೋಣೆಯನ್ನು ತೋರಿಸಿದ್ದ. ಬಿಳಿ ಹಾಸಿಗೆ, ಕಿಟಕಿಯಲ್ಲಿ ತುಳಸಿ, ಬಚ್ಚಲ ಬಾಗಿಲಿಗೆ ಹೊಳೆಯುವ ಉಕ್ಕಿನ ಚಿಲಕ. ಸುಮಂಗಲಾ ಚಿಲಕವನ್ನು ಎರಡು ಸಲ ಹಾಕಿ ತೆಗೆದು ನೋಡಿ, ಆಮೇಲೆಯೇ ಸಹಿ ಹಾಕಿದ್ದರು. ಕೊಟ್ಟದ್ದು ಒಂಬತ್ತನೆಯ ಕೋಣೆ. ಅಲ್ಲಿ ಕೋಣೆಗೂ ಚಿಲಕವಿಲ್ಲ, ಬಚ್ಚಲಿಗೂ ಇಲ್ಲ.

“ಚಿಲಕ ಎಲ್ಲಿ, ಗುರುರಾಜ್?”

“ಸೇಫ್ಟಿ ಮೇಡಂ. ಒಳಗಡೆ ಬಿದ್ದುಬಿಟ್ರೆ ಬಾಗಿಲು ಒಡೀಬೇಕಾಗತ್ತೆ.”

“ನಾನು ನೋಡಿದ ಕೋಣೆಯಲ್ಲಿ ಇತ್ತಲ್ಲ?”

“ಅದು ಮಾಡೆಲ್ ರೂಮು. ಅಲ್ಲಿ ಯಾರೂ ಇರಲ್ಲ.”

“ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿದರೆ ತೆಗೆಯಬಹುದಾದ ಚಿಲಕ ಬರುತ್ತದೆ. ಬಿದ್ದವರನ್ನು ಎತ್ತಲೂ ಬರಬಹುದು, ಸ್ನಾನ ಮಾಡುವವರ ಮಾನವೂ ಉಳಿಯುತ್ತದೆ. ನಮ್ಮ ಕಾರ್ಖಾನೆಯ ಶೌಚಾಲಯಕ್ಕೆ ಎಂಬತ್ತೆಂಟರಲ್ಲೇ ಹಾಕಿಸಿದ್ದೆ.”

“ಅಪ್ರೂವಲ್ ಬರ್ಬೇಕು ಮೇಡಂ. ನೋಡೋಣ.”

ಪ್ರತಿ ಕೋಣೆಯಲ್ಲೂ, ಮಂಚ ಮತ್ತು ಬಚ್ಚಲ ಬಾಗಿಲು ಎರಡೂ ಕಾಣುವಂತೆ, ಒಂದು ಕ್ಯಾಮೆರಾ ಇತ್ತು. ಮನೆಯವರ ನೆಮ್ಮದಿಗಾಗಿ ಎಂದು ಗುರುರಾಜ್ ಹೇಳಿದ. ಮೂರನೆಯ ದಿನ ಸುಮಂಗಲಾ ಮುಂಬಾಗಿಲ ಮೇಜಿನ ಹತ್ತಿರ ಹೋದಾಗ ಆ ನೆಮ್ಮದಿಯನ್ನು ಕಂಡರು. ಮೇಜಿನ ಮೇಲೆ ಒಂದು ಟಿವಿ. ಅದರಲ್ಲಿ ಎಲ್ಲ ಕೋಣೆಗಳೂ ಚೌಕಚೌಕವಾಗಿ. ಏಳನೆಯ ಚೌಕದಲ್ಲಿ ನಿವೃತ್ತ ತಹಸೀಲ್ದಾರರೊಬ್ಬರು ಪಂಚೆಯಿಲ್ಲದೆ, ಗೋಡೆ ಹಿಡಿದು, ಆಯಾ ಬಟ್ಟೆ ಬದಲಿಸುವುದನ್ನು ಕಾಯುತ್ತ ನಿಂತಿದ್ದರು. ನೀರಿನ ಕ್ಯಾನು ತಂದವನು ಮೇಜಿಗೆ ಮೊಣಕೈ ಊರಿ ಅದನ್ನೇ ನೋಡುತ್ತಿದ್ದ. ನಗುತ್ತಿರಲಿಲ್ಲ. ಅಡಿಕೆ ಜಗಿಯುತ್ತಿದ್ದ. ಹೋಟೆಲಿನಲ್ಲಿ ಕಾಫಿ ಬರುವವರೆಗೆ ಟಿವಿ ನೋಡುವವರ ಹಾಗೆ ನೋಡುತ್ತಿದ್ದ.

ಸುಮಂಗಲಾ ಟಿವಿಯನ್ನು ಆರಿಸಿದರು. ಗುರುರಾಜ್ ಹಚ್ಚಿದ. ಮತ್ತೆ ಆರಿಸಿದರು. ಮತ್ತೆ ಹಚ್ಚಿದ. ಅಂದಿನಿಂದ ಅವರು ತಮ್ಮ ಕೋಣೆಯ ಕ್ಯಾಮೆರಾಕ್ಕೆ ಟವೆಲು ಹಾಕುವುದು, ರಾತ್ರಿಪಾಳಿಯ ಆಯಾ ಹೊಳೆವ್ವ ಬಂದು ತೆಗೆಯುವುದು, ನಿತ್ಯದ ಕೆಲಸವಾಯಿತು.

“ತಪ್ಪ ತಿಳೀಬ್ಯಾಡ್ರಿ ಅವ್ವಾರ. ಸರ್ ಫೋನ್ ಮ್ಯಾಲ ಫೋನ್ ಮಾಡಾಕ ಹತ್ಯಾರ.”

ಸ್ನಾನದ್ದು ಇನ್ನೂ ದೊಡ್ಡ ಸಂಕಟ. ಸುಮಂಗಲಾ ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ ಧರಿಸುವವರು. ನಸುಕಿನಲ್ಲಿ ಮೀಯಬೇಕು, ಮಿಂದ ಮೈಯಲ್ಲೇ ವಿಭೂತಿ ಧರಿಸಬೇಕು, ಯಾರೊಡನೆಯೂ ಒಂದು ಮಾತಾಡುವ ಮೊದಲು ಲಿಂಗವನ್ನು ಎಡ ಅಂಗೈಯಲ್ಲಿರಿಸಿ ಪೂಜಿಸಬೇಕು. ಏಳನೆಯ ವಯಸ್ಸಿನಿಂದ ತಪ್ಪದ ಕ್ರಮ. ಅದಕ್ಕೆ ಬೇಕಾದದ್ದು ಒಂದು ಚೊಂಬು ನೀರು ಮತ್ತು ಮುಚ್ಚಿದ ಒಂದು ಬಾಗಿಲು. ಈ ಮನೆಯಲ್ಲಿ ನೀರು ಇತ್ತು. ಬಾಗಿಲು ಇರಲಿಲ್ಲ. ಅಂಗೈಯಲ್ಲಿ ಲಿಂಗವಿರುವಾಗ “ಆಯ್ತಾ ಮೇಡಂ?” ಎಂದು ಯಾರೋ ಬಾಗಿಲನ್ನು ತಳ್ಳುತ್ತಿದ್ದರು. ಕೊನೆಕೊನೆಗೆ ಅವರು ತುಂಬಿದ ಬಕೆಟನ್ನು ಬಾಗಿಲಿಗೆ ಒರಗಿಸಿ, ಅದಕ್ಕೆ ಕಾಲು ಒತ್ತಿಕೊಂಡು, ಪೂಜೆ ಮಾಡತೊಡಗಿದರು. ಅರವತ್ತೆಂಟನೆಯ ವಯಸ್ಸಿನಲ್ಲಿ. ಒದ್ದೆ ಟೈಲಿನ ಮೇಲೆ, ಒಂಟಿ ಕಾಲಿನ ಬಲದಲ್ಲಿ. ಸುರಕ್ಷತೆಗಾಗಿ.

ಹಾಗಾಗಿ ಆ ರಾತ್ರಿ ಬಾವಿಯ ಪಕ್ಕದಲ್ಲಿ ಆ ಸದ್ದು ಕೇಳಿದಾಗ ಅವರಿಗೆ ಸಿಟ್ಟು ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಹೊಳೆವ್ವ ಹಿಂಗೇಟು ತೆಗೆದಳು. ಯಾದಗಿರಿ ಕಡೆಯವಳು, ಐವತ್ತರ ಹತ್ತಿರದ ಗಟ್ಟಿ ಹೆಂಗಸು.

“ಆ ಬಾವಿ ಪಕ್ಕದ ಕಟ್ಟೆ ಇದೆಯಲ್ಲ ಹೊಳೆವ್ವ, ಅಲ್ಲಿ ಮೊದಲು ಏನಿತ್ತು?”

ಹೊಳೆವ್ವನ ಕೈ ಗೇಟಿನ ಮೇಲೆಯೇ ನಿಂತಿತು. “ಏನ್ ಕೇಳಿದ್ರಿ ಅಲ್ಲಿ?”

“ಚಿಲಕ ಹಾಕಿದ ಸದ್ದು.”

ಅವಳು ಗೇಟು ಮುಚ್ಚಿ ಕೋಣೆಯವರೆಗೆ ಜೊತೆಗೆ ಬಂದಳು. ಸುಮಂಗಲಾ ಮತ್ತೆ ಬಾಯಿ ತೆರೆದಾಗ, ತುಟಿಯ ಮೇಲೆ ಬೆರಳಿಟ್ಟು ಕಣ್ಣಿನಿಂದ ಮೇಲಿನ ಕ್ಯಾಮೆರಾ ತೋರಿಸಿದಳು.

“ಅದಕ್ಕ ಕಣ್ಣ ಅಷ್ಟ ಅಲ್ರಿ... ಕಿವೀನೂ ಐತಿ.”

ಬಚ್ಚಲಿಗೆ ಕರೆದೊಯ್ದಳು. ಬಾಗಿಲು ಮುಂದೆ ಮಾಡಿ, ನಲ್ಲಿ ಬಿಟ್ಟಳು. ಬಕೆಟಿಗೆ ನೀರು ಬೀಳುವ ಸದ್ದಿನ ಕೆಳಗೆ, ಪಿಸುಮಾತಿನಲ್ಲಿ ಹೇಳಿದಳು.

“ಈ ಖೋಲ್ಯಾಗ ನಿಮಗಿಂತ ಮೊದಲ ಶಿವಲಿಂಗಮ್ಮಾರು ಇದ್ರು. ರಾಣೆಬೆನ್ನೂರು ಕಡೆಯವರು. ಸಾಲಿ ಟೀಚರ್ ಆಗಿದ್ದವರು. ಎಂಬತ್ತೊಂದು ವಯಸ್ಸು. ನಿಮ್ಮಂಗ ದಿನಾ ಅದ ಮಾತು... ಚಿಲಕ ಹಾಕಿಸ್ರಿ, ಚಿಲಕ ಹಾಕಿಸ್ರಿ. ಯಾರರ ಬಾಗಲಾ ತಳ್ಳಿದ್ರ ಬೈತಿರಲಿಲ್ಲ. ‘ಬಾಗಿಲು ಮುಂದೆ ಮಾಡಿಕೊಂಡು ಹೋಗಿ’ ಅಂತಿದ್ರು. ಅಷ್ಟ.”

“ಆಮೇಲೆ?”

“ಒಂದಿನ ಗೀಸರ್ ರಿಪೇರಿ ಅಂತ ಒಬ್ಬ ಬಂದ. ಸರ್ ಅವನ್ನ ಸೀದಾ ಒಳಗ ಕಳಿಸ್ಯಾರ. ಆಕಿ ಮೈಮ್ಯಾಲ ನೀರ ಹಾಕ್ಕೊಳ್ಳಾಕ ಹತ್ತಿದ್ರು. ಅಂವಾ ಬಾಗಲಾ ತಳ್ಳಿದ. ಆಕಿ ಅದ ಮಾತ ಹೇಳಿದ್ರು, ಬಾಗಿಲು ಮುಂದೆ ಮಾಡಿಕೊಂಡು ಹೋಗಿ ಅಂತ. ಅಂವಾ ಹೋಗಲಿಲ್ರಿ. ‘ಎರಡ ನಿಮಿಷದ ಕೆಲಸ ಅಜ್ಜಿ’ ಅಂತ ಒಳಗ ನಿಂತು ಗೀಸರ್ ಬಿಚ್ಚಿದ. ಆಕಿ ಗ್ವಾಡಿ ಕಡೆ ಮುಖಾ ಮಾಡಿ ಕುಂತಬಿಟ್ರು. ಒದರಿದ್ರ ಚಲೋ ಇತ್ತು... ಒದರಲಿಲ್ಲ.”

“ಗುರುರಾಜ್‌ಗೆ ಹೇಳಲಿಲ್ಲವೆ?”

“ಹೇಳಿದ್ವಿ. ‘ಈ ವಯಸ್ಸಲ್ಲಿ ಎಂಥ ನಾಚಿಕೆ’ ಅಂದ್ರು.”

ನಲ್ಲಿಯ ನೀರು ಬಕೆಟಿನ ಕಂಠಕ್ಕೆ ಬಂದಿತ್ತು. ಸುಮಂಗಲಾ ಅದನ್ನು ಚೆಲ್ಲಿ ಮತ್ತೆ ಖಾಲಿ ಬಕೆಟು ಇಟ್ಟರು.

“ಆ ಕಟ್ಟಿ ಮ್ಯಾಲ ಆಗ ಪಂಪಿನ ಮನಿ ಇತ್ತು. ಒಳಗ ಒಂದ ತೊಟ್ಟಿ. ಬಾಗಲಕ್ಕ ಒಳಗಿನಿಂದ ಕಬ್ಬಿಣದ ಚಿಲಕ. ಬೀಗ ಹಾಕಿದ ಮಾಡೆಲ್ ರೂಮ್ ಬಿಟ್ರ, ಈ ಇಡೀ ಜಾಗದಾಗ ಚಿಲಕ ಇದ್ದ ಬಾಗಲಾ ಅಂದ್ರ ಅದೊಂದ. ಆಕಿ ನಸುಕಿನ್ಯಾಗ ತಂಬಿಗಿ ತಗೊಂಡು ಅಲ್ಲಿ ಹೋಗಿ ಜಳಕಾ ಮಾಡಾಕ ಸುರು ಮಾಡ್ಯಾರ. ತಣ್ಣೀರಿನ್ಯಾಗ. ಎಷ್ಟ ದಿನಾ ಹೋದ್ರೋ ಯಾರಿಗೂ ಗೊತ್ತಿಲ್ಲ. ಹೋದ ವರ್ಷ ಇದ ತಿಂಗಳಾಗ, ಒಂದ ಮುಂಜಾನಿ, ಪಂಪ್ ಹಾಕಾಕ ಹೋದ್ರ ಬಾಗಲಾ ತಗೀವಲ್ದು. ಸರ್ ಬಂದು ಒಡದ್ರು. ಎಡಗೈಯಾಗ ಲಿಂಗ ಹಿಡಕೊಂಡು ಕುಂತಂಗ ಕುಂತಿದ್ರು... ಹಣಿಮ್ಯಾಲಿನ ವಿಭೂತಿ ಇನ್ನೂ ಹಸಿ ಇತ್ತು.”

“ಮನೆಯವರಿಗೆ?”

“ಈ ಮಂಚಕ್ಕ ತಂದು ಮಲಗಿಸಿ, ಸೀರಿ ಬದಲಿಸಿ, ಫೋನ್ ಮಾಡಿದ್ರು. ನಿದ್ದಿಯೊಳಗ ಹ್ವಾದ್ರು ಅಂತ. ವಾರದಾಗ ಪಂಪಿನ ಮನಿ ಕೆಡವಿಸಿದ್ರು.”

ಸುಮಂಗಲಾ ಬಾಗಿಲ ಸಂದಿಯಿಂದ ಕೋಣೆಯತ್ತ ನೋಡಿದರು. ಕೋಣೆಯ ಬಾಗಿಲ ಹಿಂದೆ ರಾತ್ರಿಯ ಹಾಳೆ ತೂಗುತ್ತಿತ್ತು. ಹತ್ತು, ಹನ್ನೆರಡು, ಎರಡು, ನಾಲ್ಕು ಗಂಟೆಗೆ ಆಯಾ ಬಂದು, ನೋಡಿ, ಬರೆದು, ಸಹಿ ಹಾಕಬೇಕಾದ ಹಾಳೆ. ಗಂಟೆ ಇನ್ನೂ ಹನ್ನೊಂದಾಗಿರಲಿಲ್ಲ. ನಾಲ್ಕೂ ಮನೆಗಳಲ್ಲಿ ‘ನಿದ್ದೆ’ ಎಂದು ಬರೆದಾಗಿತ್ತು. ಅವರು ಬಂದ ಎರಡನೆಯ ರಾತ್ರಿಯೇ ಇದನ್ನು ಗಮನಿಸಿದ್ದರು. ಅಳೆಯುವ ಮೊದಲೇ ಅಳತೆ ಬರೆಯುವ ಜನರನ್ನು ಕಾರ್ಖಾನೆಯಲ್ಲಿ ಅವರು ಹಿಡಿದದ್ದುಂಟು; ಒಬ್ಬನ ಕೆಲಸವೂ ಹೋಗಿತ್ತು.

“ಅವತ್ತಿನ ಹಾಳೆಯಲ್ಲಿ ನಾಲ್ಕು ಗಂಟೆಗೆ ಏನು ಬರೆದಿದ್ದೆ?”

ಹೊಳೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ನಿದ್ದಿ ಅಂತ... ರಾತ್ರಿ ಹತ್ತಕ್ಕ ಬರದಿದ್ದೆ.”

ಸುಮಂಗಲಾ ಹಾಳೆಯಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದರು.

“ರಾತ್ರಿ ಹತ್ತೊಂಬತ್ತು ಕೋಣೆಗೆ ಎಷ್ಟು ಜನ?”

“ನಾ ಒಬ್ಬಾಕೀನ.”

ಅವಳ ಮೇಲೆ ಏರಿದ್ದ ಸಿಟ್ಟು ಅಲ್ಲಿಗೆ ನಿಲ್ಲಲಿಲ್ಲ. ಅವಳನ್ನು ದಾಟಿ ಮೇಲಕ್ಕೆ ಹೋಯಿತು. ಸುರಕ್ಷತೆ ಎಂದು ಚಿಲಕ ಹಾಕಿಸಲಿಲ್ಲ. ಸುರಕ್ಷತೆ ಎಂದು ಕ್ಯಾಮೆರಾ ಇಟ್ಟರು. ಎಂಬತ್ತೊಂದರ ಮುದುಕಿ, ಡಿಸೆಂಬರಿನ ಚಳಿಯಲ್ಲಿ, ಕತ್ತಲಲ್ಲಿ, ಚೊಂಬು ಹಿಡಿದು ಹಿಂಗೇಟು ದಾಟಿದಾಗ, ನೋಡಬೇಕಾದ ಕಣ್ಣು ಒಂದೂ ನೋಡಲಿಲ್ಲ. ಬಟ್ಟೆಯಿಲ್ಲದಾಗ ಎಲ್ಲರೂ ನೋಡಿದರು.

“ಹೋಗು,” ಎಂದರು. “ನಾಲ್ಕು ಗಂಟೆಗೆ ನಿಜವಾಗಿ ಬಾ.”

ಮಲಗಿದರು. ಬಚ್ಚಲ ಬಾಗಿಲನ್ನು ಅರ್ಧ ತೆರೆದೇ ಬಿಟ್ಟಿದ್ದರು. ಬಕೆಟು ಹೊರಗೆ, ಮಂಚದ ಕಾಲ ಬಳಿ ಇತ್ತು. ಇದನ್ನು ನೆನಪಿಡಬೇಕು.

ಎಚ್ಚರವಾದಾಗ ಮೂರೂಹತ್ತು.

ಗುಳುಕ್... ದಳಾರ್.

ಚೊಂಬು ನೀರಿನಲ್ಲಿ ಮುಳುಗಿದ ಸದ್ದು. ಮೈಮೇಲೆ ನೀರು ಸುರಿದ ಸದ್ದು. ಆಮೇಲೆ, ಚೊಂಬನ್ನು ಕೆಳಗಿಟ್ಟಾಗ... ಖಣ್. ಹಿತ್ತಾಳೆ ಸಿಮೆಂಟಿಗೆ ತಾಗಿದ ಸದ್ದು. ಅವರ ಬಚ್ಚಲಿನಲ್ಲಿ ಇದ್ದದ್ದು ಪ್ಲಾಸ್ಟಿಕ್ ಮಗ್ಗು. ನೆಲ ಟೈಲಿನದು.

ಎದ್ದರು. ಬಚ್ಚಲ ಬಾಗಿಲು ಮುಚ್ಚಿತ್ತು. ಒಳಗೆ ದೀಪವಿರಲಿಲ್ಲ. ಅಂಗೈಯಿಂದ ಮೆಲ್ಲಗೆ ತಳ್ಳಿದರು. ಬೆರಳು ತಾಗಿದರೆ ತೆರೆಯುವ ಬಾಗಿಲು, ಗೋಡೆಯ ಹಾಗೆ ನಿಂತಿತ್ತು. ತಣ್ಣಗಿತ್ತು. ಬಾವಿಯ ನೀರಿನಷ್ಟು ತಣ್ಣಗೆ.

ಒಳಗಿನಿಂದ ಪಿಸುದನಿ.

“ತಳ್ಳಬೇಡಿ... ಇನ್ನು ಸ್ವಲ್ಪವೇ...”

ವಯಸ್ಸಾದ ಹೆಣ್ಣುದನಿ. ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುವ, ಪಾಠ ಮಾಡಿದವರ ದನಿ. ಬೇಡಿ ಬೇಡಿ ಅಭ್ಯಾಸವಾಗಿಹೋಗಿತ್ತು ಅದಕ್ಕೆ. ನಿಜ, ಆಗ ಸುಮಂಗಲಾ ಹೆದರಿದರು. ಆದರೆ ಆ ಬೇಡುವ ದನಿಯನ್ನು ಅವರಿಂದ ಸಹಿಸಲಾಗಲಿಲ್ಲ. ಸತ್ತ ಮೇಲೂ ಬೇಡಬೇಕೆ?

“ತಳ್ಳೋದಿಲ್ಲ,” ಎಂದರು, ಅಷ್ಟೇ ಮೆಲ್ಲಗೆ. “ನಿಧಾನವಾಗಿ ಆಗಲಿ, ಅಮ್ಮ. ಯಾರೂ ಬರೋದಿಲ್ಲ. ನಾನು ಇಲ್ಲೇ ಕೂತಿರ್ತೀನಿ.”

ಕುರ್ಚಿಯನ್ನು ಎಳೆದು, ಬಾಗಿಲಿಗೆ ಬೆನ್ನು ಮಾಡಿ ಕುಳಿತರು.

ಗುಳುಕ್... ದಳಾರ್.

ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಚಟ್, ಚಟ್, ಚಟ್. ಮಹಡಿಯಲ್ಲಿ ಮಲಗುತ್ತಿದ್ದ ಗುರುರಾಜ್ ಫೋನು ಹಿಡಿದುಕೊಂಡೇ ಇಳಿದು ಬಂದ. ಹಿಂದೆ ಹೊಳೆವ್ವ.

“ಏನ್ ಮೇಡಂ ಇದು? ಆಗಿಂದ ನೋಡ್ತಾ ಇದೀನಿ ಕ್ಯಾಮೆರಾದಲ್ಲಿ. ಅಲ್ಲಿ ಯಾಕ್ ಕೂತಿದೀರಾ?”

“ಒಳಗೆ ಸ್ನಾನ ಆಗುತ್ತಿದೆ.”

“ಯಾರದು?”

“ಯಾರದಾದರೇನು? ಸ್ನಾನ ಆಗುತ್ತಿದೆ ಎಂದರೆ ಹೊರಗೆ ನಿಲ್ಲಬೇಕು. ಅಷ್ಟು ಸಾಕಲ್ಲವೆ?”

ಗುರುರಾಜ್ ಹೊಳೆವ್ವನ ಕಡೆ ತಿರುಗಿ ನಕ್ಕ. “ಬೆಳಗ್ಗೆ ಡಾಕ್ಟರಿಗೆ ಫೋನ್ ಮಾಡು. ಇವರಿಗೂ ಶುರು...”

ದಳಾರ್.

ಮಾತು ಅಲ್ಲಿಗೇ ನಿಂತಿತು. ಆಮೇಲೆ ಅವನು ಸುಮಂಗಲಾ ಅವರ ತಲೆಯ ಮೇಲಿಂದ ಕೈ ಚಾಚಿ ಬಾಗಿಲನ್ನು ತಳ್ಳಿದ. ಬರಲಿಲ್ಲ. ಕುರ್ಚಿಯನ್ನು ಅವರ ಸಮೇತ ಪಕ್ಕಕ್ಕೆ ಸರಿಸಿ ಭುಜ ಕೊಟ್ಟ. ಅದು ಪ್ಲಾಸ್ಟಿಕ್ಕಿನ ಬಾಗಿಲು, ಅಗ್ಗದ್ದು. ಭುಜ ಕೊಟ್ಟರೆ ಬಾಗಬೇಕು. ಬಾಗಲಿಲ್ಲ.

“ಬೋಲ್ಟೇ ಇಲ್ವಲ್ಲ ಇದಕ್ಕೆ...”

“ಇಲ್ಲ,” ಎಂದರು ಸುಮಂಗಲಾ. “ನೀವು ಹಾಕಿಸಲಿಲ್ಲ.”

ಅವನು ಮತ್ತೆ ಭುಜ ಎತ್ತಿದ. ಆಗ ಬಾಗಿಲಿನ ಆ ಕಡೆಯಿಂದ, ಅವನ ಕಿವಿಗೆ ಒಂದು ಗೇಣು ದೂರದಲ್ಲಿ, ಆ ದನಿ ಬಂತು. ಈ ಸಲ ಬೇಡಲಿಲ್ಲ.

“ಗುರುರಾಜ್... ಬಾಗಿಲು ಮುಂದೆ ಮಾಡಿಕೊಂಡು ಹೋಗಿ.”

ಫೋನು ಅವನ ಕೈಯಿಂದ ಬಿತ್ತು. ಹೊಳೆವ್ವ ಸೆರಗನ್ನು ತಲೆ ತುಂಬ ಹೊದ್ದು ಗೋಡೆಗೆ ಒರಗಿ ಕುಸಿದಳು. “ಯವ್ವಾ, ತಪ್ಪಾತು... ನಾ ನೋಡದ ಬರದೆ... ತಪ್ಪಾತು...” ಎಂದು ಒಂದೇ ಸಮನೆ ಪಿಸುಗುಟ್ಟುತ್ತಿದ್ದಳು. ಗುರುರಾಜ್ ಬಾಗಿಲಿನಿಂದ ಎರಡು ಹೆಜ್ಜೆ ಹಿಂದೆ ಸರಿದ.

“ತಿರುಗಿ ನಿಲ್ಲಿ,” ಎಂದರು ಸುಮಂಗಲಾ.

“ಮೇ... ಮೇಡಂ?”

“ಬಾಗಿಲಿಗೆ ಬೆನ್ನು ಮಾಡಿ. ಗೋಡೆ ಕಡೆ ಮುಖ. ಅವರೂ ಒಂದು ದಿನ ಹಾಗೆಯೇ ಕುಳಿತಿದ್ದರಂತೆ.”

ಅವನು ತಿರುಗಿದ. ಮೂವತ್ತೈದರ ಗಂಡಸು, ಶಿಕ್ಷೆಗೆ ನಿಲ್ಲಿಸಿದ ಶಾಲೆಯ ಹುಡುಗನ ಹಾಗೆ, ಹಣೆಯನ್ನು ಗೋಡೆಗೆ ಒತ್ತಿ ನಿಂತ. ನೀರಿನ ಸದ್ದು ನಿಂತಿತು. ಬಟ್ಟೆ ಹಿಂಡಿದ ಸದ್ದು. ಹನಿ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ... ಪೂಜೆಗೆ ಬೇಕಾದಷ್ಟು ಹೊತ್ತು, ಏನೂ ಇಲ್ಲ.

ಕಿರ್ರ್... ಟಕ್.

ಬಾಗಿಲು ಒಂದು ಗೇಣು ತೆರೆದುಕೊಂಡಿತು. ಹಸಿ ವಿಭೂತಿಯ ವಾಸನೆ ಬಂತು, ಹೋಯಿತು. ಸುಮಂಗಲಾ ದೀಪ ಹಾಕಿ ನೋಡಿದರು. ಟೈಲು ಒಣಗಿತ್ತು. ಮಗ್ಗು ಒಣಗಿತ್ತು.

ಹೊಳೆವ್ವ ಎದ್ದು, ಕಣ್ಣು ಒರೆಸಿಕೊಂಡು, ರಾತ್ರಿಯ ಹಾಳೆಯ ಬಳಿ ಹೋದಳು. ನಾಲ್ಕನೆಯ ಮನೆಯಲ್ಲಿ ಬರೆದಿದ್ದ ‘ನಿದ್ದೆ’ಯನ್ನು ಹೊಡೆದುಹಾಕಿದಳು. ‘ಎಚ್ಚರ’ ಎಂದು ಬರೆದಳು.

ಬೆಳಿಗ್ಗೆ ಬಚ್ಚಲ ಬಾಗಿಲಿನ ಹಿಡಿಗೆ ಒಂದು ಕೆಂಪು ಚೀಟಿ ತೂಗುತ್ತಿತ್ತು. ಕಾರ್ಖಾನೆಯಲ್ಲಿ, ಬಳಕೆಗೆ ಯೋಗ್ಯವಲ್ಲದ ವಸ್ತುವಿಗೆ ಕಟ್ಟುವಂಥದ್ದು. ಅದರಲ್ಲಿ ಸುಮಂಗಲಾ ಅವರ ಅಕ್ಷರ: ‘ತಿರಸ್ಕೃತ. ಕಾರಣ: ಚಿಲಕ ಇಲ್ಲ.’

ಗುರುರಾಜ್ ಹೊಸ್ತಿಲಿನಿಂದ ಒಳಗೆ ಬರಲಿಲ್ಲ. ಮೊದಲ ಸಲ, ತೆರೆದಿದ್ದ ಬಾಗಿಲನ್ನೂ ತಟ್ಟಿ ನಿಂತಿದ್ದ.

“ಮೇಡಂ... ಅವರು ಮತ್ತೆ ಬರ್ತಾರಾ?”

“ಚಿಲಕ ಇಲ್ಲದ ಬಚ್ಚಲು ಇಲ್ಲಿ ಹತ್ತೊಂಬತ್ತಿವೆ. ಯಾವುದಕ್ಕೆ ಬರುತ್ತಾರೋ ನನಗೆ ಗೊತ್ತಿಲ್ಲ. ನಿಮ್ಮ ಮಹಡಿಯದಕ್ಕೆ ಇದೆಯೆ?”

ಎರಡೇ ದಿನ. ನಾಣ್ಯದಿಂದ ಹೊರಗಿನಿಂದಲೂ ತೆಗೆಯಬಹುದಾದ ಚಿಲಕಗಳು ಬಂದವು, ಅಪ್ರೂವಲ್ ಸಮೇತ. ಕ್ಯಾಮೆರಾಗಳು ಕೋಣೆಗಳಿಂದ ಇಳಿದು ಹಜಾರಕ್ಕೂ ಹಿಂಗೇಟಿಗೂ ಹೋದವು. ರಾತ್ರಿಗೆ ಇನ್ನಿಬ್ಬರು ಆಯಾಗಳು ಬಂದರು. ಸುಮಂಗಲಾ ರಾಣೆಬೆನ್ನೂರಿನ ಮನೆಯವರಿಗೆ ಎರಡು ಪುಟದ ಪತ್ರ ಬರೆದರು, ಶಿವಲಿಂಗಮ್ಮನವರು ಎಲ್ಲಿ, ಹೇಗೆ, ಏಕೆ ಹೋದರೆಂದು. ಕೊನೆಯಲ್ಲಿ ಹೊಳೆವ್ವನೂ ಸಹಿ ಹಾಕಿದಳು. ಈ ಸಲ ಓದಿಸಿಕೊಂಡು ಹಾಕಿದಳು.

ಶೀತಲ್ ಬಂದು, “ಅತ್ತೆ, ಎಲ್ಲ ಸರಿಹೋಯ್ತಲ್ಲ, ಇನ್ನಾದ್ರೂ ಸಮಾಧಾನವಾಗಿರಿ,” ಎಂದಳು.

“ಸಮಾಧಾನವೆ?” ಎಂದರು ಸುಮಂಗಲಾ. “ಬದುಕಿದ್ದಾಗ ಆಕೆ ಹತ್ತು ತಿಂಗಳು ಕೇಳಿದರು. ನಾನು ಹದಿನೆಂಟು ದಿನ ಕೇಳಿದೆ. ಏಳನೆಯ ಕೋಣೆಯ ತಹಸೀಲ್ದಾರರಿಗೆ ಕೇಳಲು ಬಾಯಿಯೇ ಬರುವುದಿಲ್ಲ. ನಮಗೆ ಯಾರಿಗೂ ಹಾಕಲಿಲ್ಲ ಕಣೇ. ದೆವ್ವಕ್ಕೆ ಹಾಕಿದರು.”

ಆ ಸಿಟ್ಟು ಅವರಿಗೆ ಇನ್ನೂ ಇಳಿದಿಲ್ಲ. ಇಳಿಯಬಾರದು ಎಂದೇ ಅವರ ಅಭಿಪ್ರಾಯ.

ಕತೆ ಇಲ್ಲಿಗೆ ಮುಗಿದಿದ್ದರೆ, ನಿದ್ದೆಗಣ್ಣಿನಲ್ಲಿ ಮೂವರಿಗೂ ಏನೋ ಕೇಳಿಸಿತು ಎಂದುಬಿಡಬಹುದಿತ್ತು. ಆದರೆ ಒಂಬತ್ತನೆಯ ಕೋಣೆಗೆ ಚಿಲಕ ಹಾಕಲು ಬಡಗಿ ಮುತ್ತಣ್ಣ ಬಂದಿದ್ದ. ಆ ರಾತ್ರಿಯ ಸುದ್ದಿ ಅವನಿಗೆ ಯಾರೂ ಹೇಳಿರಲಿಲ್ಲ. ಬಚ್ಚಲ ಬಾಗಿಲಿನ ಒಳಮೈ ಮೇಲೆ ಕೈಯಾಡಿಸಿ, ಸುಮಂಗಲಾ ಅವರನ್ನು ಕರೆದ.

“ಅಮ್ಮಾ, ಇಲ್ಲಿ ಮೊದ್ಲು ಚಿಲಕ ಇತ್ತಲ್ವಾ? ಯಾಕ್ ಕಿತ್ತಾಕಿದ್ರು?”

“ಇರಲಿಲ್ಲ.”

“ಇತ್ತಮ್ಮಾ. ಸವೆದಿರೋದು ನೋಡಿ. ಎಷ್ಟೋ ವರ್ಸ ಹಾಕಿ ತೆಗೆದವ್ರೆ.”

ಕಡ್ಡಿ ಹೋಗಿ ಬಂದು, ಹೋಗಿ ಬಂದು, ಸವೆಸಿದ ಗೀರು. ಎರಡು ಅಂಗುಲ ಉದ್ದ. ತಳದಲ್ಲಿ ಕಬ್ಬಿಣದ ತುಕ್ಕು. ಮೇಲೆ ಕೆಳಗೆ ಎಲ್ಲಿಯೂ ಸ್ಕ್ರೂ ಕೂರಿಸಿದ ತೂತಿಲ್ಲ. ಆ ಬಾಗಿಲಿಗೆ ಎರಡೇ ವರ್ಷ ವಯಸ್ಸು. ಹದಿನೆಂಟು ದಿನ, ದಿನಾ ನಸುಕಿನಲ್ಲಿ, ಸುಮಂಗಲಾ ಅದೇ ಬಾಗಿಲಿನ ಅದೇ ಮೈಯನ್ನು ಎದುರಿಗಿಟ್ಟುಕೊಂಡು ಪೂಜೆ ಮಾಡಿದವರು. ಆಗ ಅದು ನುಣ್ಣಗಿತ್ತು.

ಪೆಟ್ಟಿಗೆಯಿಂದ ತಮ್ಮ ಹಳೆಯ ವರ್ನಿಯರ್ ಮಾಪಕ ತೆಗೆದು ಗೀರಿನ ಆಳವನ್ನು ಅಳೆದರು. ಮೂರು ಸಲ ಅಳೆದರು. ದಿನಾಂಕ ಹಾಕಿ ಪುಸ್ತಕದಲ್ಲಿ ಬರೆದುಕೊಂಡರು. ಮುತ್ತಣ್ಣ ಹೊಸ ಚಿಲಕವನ್ನು ಒಂದು ಗೇಣು ಮೇಲಕ್ಕೆ ಕೂರಿಸಿ ಹೋದ. ಆ ಗೀರು ಈಗಲೂ ಹಾಗೆಯೇ ಇದೆ.

ಎರಡೂವರೆ ಮಿಲಿಮೀಟರ್. ಅವರು ಅಳೆಯದೆ ಬರೆಯುವವರಲ್ಲ.